ರೈಫಲಿನ ಮುಂದಿನ ಹಿಡಿ: ಹತ್ತಿಪ್ಪತ್ತು ಸಲ ಬಿಚ್ಚಿ ಹಾಕಿ ನೋಡಿ

ಕಳೆದ ಆಗಸ್ಟಿನಲ್ಲಿ ಒಂದು ಫೋರ್‌ಗ್ರಿಪ್ (ಬ್ಯಾರೆಲ್ ಕೆಳಗೆ ಸಿಕ್ಕಿಸುವ ಹಿಡಿ) ರೈಫಲ್ ಬಿಟ್ಟು ನನ್ನ ಎಡಗೈಗೆ ಬಂದುಬಿಟ್ಟಿತು. ಟೆಕ್ಸಾಸ್‌ನ ಆಸ್ಟಿನ್ ಹೊರಗಿನ ಒಂದು ಶೂಟಿಂಗ್ ರೇಂಜ್, ಮಧ್ಯಾಹ್ನದ ಉರಿಬಿಸಿಲು. ಎರಡನೇ ಮ್ಯಾಗಜೀನ್ ಅರ್ಧ ಆಗಿತ್ತು. ಹಿಂದಕ್ಕೆ ಎಳೆದು ಹಿಡಿದಿದ್ದೆ, ಹಿಡಿಯನ್ನು ರೈಫಲಿಗೆ ಬಿಗಿದಿಡುವ ಲಿವರ್ ತಾನಾಗೇ ತೆರೆದುಕೊಂಡು ಹಿಡಿ ಕಳಚಿ ಬಂತು. ಬಲಗೈ ಗಟ್ಟಿಯಾಗಿತ್ತು, ಬ್ಯಾರೆಲ್ ಗುರಿಯ ಕಡೆಗೇ ಇತ್ತು. ಪಕ್ಕದವರು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬರುವವರೆಗೂ ಎದೆ ಢವಢವ ಅಂತಿತ್ತು.

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಅಜ್ಜ ಗುಂಡು ಹೊಡೆಯುತ್ತಿದ್ದರು. ಅವರ ಒಂಟಿ ನಳಿಗೆಯ ಕೋವಿಗೆ ಮುಂದೆ ಒಂದು ಮರದ ತುಂಡು ಬಿಟ್ಟರೆ ಬೇರೆ ಹಿಡಿ ಇರಲಿಲ್ಲ. ಇಲ್ಲಿ ಅಮೆರಿಕದಲ್ಲಿ ನನ್ನ ಎಆರ್-15 ರೈಫಲಿಗೆ ಹಾಕೋದಕ್ಕೆ ಅಂಗಡಿ ತುಂಬಾ ಹಿಡಿಗಳು. ಅದಕ್ಕೇ ಹೇಗೆ ಆರಿಸಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸುತ್ತೇನೆ. 16 ಇಂಚಿಗೆ ಕಡಿಮೆಯಿಲ್ಲದ ಬ್ಯಾರೆಲ್ ಇರುವ ಮಾಮೂಲಿ ರೈಫಲಿಗೆ ಟೆಕ್ಸಾಸ್‌ನಲ್ಲಿ ಇದನ್ನು ಹಾಕಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕಡೆ ಸೆಮಿ-ಆಟೋಮ್ಯಾಟಿಕ್ ರೈಫಲಿನ ಮುಂದಿನ ಹಿಡಿಯೇ ತೊಂದರೆ ತರುವ ಅಂಶಗಳಲ್ಲಿ ಒಂದು. ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇರುವ ಎಆರ್ ಪಿಸ್ತೂಲಿಗೆ (ಎಆರ್-15ರ ಗಿಡ್ಡ ರೂಪ) ನೆಟ್ಟಗೆ ಕೆಳಕ್ಕಿಳಿಯುವ ಹಿಡಿ ಸಿಕ್ಕಿಸಿದಿರೋ, 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಅದು ಬೇರೆಯೇ ಜಾತಿಯ ಆಯುಧ ಆಗಿಬಿಡುತ್ತದೆ. ಸುಮ್ನೆ ಹಾಕಿ ನೋಡಿದೆ ಅನ್ನೋ ಮಾತು ನಡೆಯಲ್ಲ. ನಮ್ಮ ಹುಡುಗರಿಗೆ ಇನ್ನೊಂದು ಮಾತು: ಎಚ್-1ಬಿ ವೀಸಾದಲ್ಲಿ ಇದ್ದರೆ ಬಂದೂಕು ಇಟ್ಟುಕೊಳ್ಳುವುದಕ್ಕೇ ಫೆಡರಲ್ ತಡೆ ಇದೆ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಹಿಡಿಯ ವಿಚಾರ ಆಮೇಲೆ, ಮೊದಲು ಅದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಪರೀಕ್ಷೆ ಶುರುವಾಗೋದು ಊಟದ ಮೇಜಿನ ಮೇಲೆ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆದು ಲಾಕ್ ಮಾಡಿ, ಗುಂಡು ಕೂರುವ ಚೇಂಬರಿಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿಯೂ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ನನ್ನ ಹೆಂಡತಿ ಈ ವಿಷಯದಲ್ಲಿ ರೇಂಜ್ ಆಫೀಸರಿಗಿಂತ ಕಟ್ಟುನಿಟ್ಟು.

ಈಗ ಹಿಡಿ ಕೂರುವ ಜಾಗ ನೋಡಿ. ಪಿಕಟಿನ್ನಿ ರೈಲ್ ಅಂದರೆ ಉದ್ದಕ್ಕೂ ಅಡ್ಡ ಕಚ್ಚುಗಳಿರುವ ಹಳಿ, 1995ರಲ್ಲಿ ಅಮೆರಿಕದ ಸೇನೆ ಒಪ್ಪಿದ ಅಳತೆಯದು. ಅದರ ಪ್ರತಿ ಕಚ್ಚಿನ ಅಗಲ 5.23 ಮಿ.ಮೀ., ಒಂದು ಕಚ್ಚಿನ ನಡುವಿನಿಂದ ಇನ್ನೊಂದರ ನಡುವಿಗೆ 10.01 ಮಿ.ಮೀ. ಹಿಡಿಯ ಒಳಗೆ ಒಂದು ಅಡ್ಡ ಪಟ್ಟಿಯೋ ಅಡ್ಡ ಸ್ಕ್ರೂವೋ ಇರುತ್ತದೆ, ಅದು ಈ ಕಚ್ಚಿನೊಳಗೆ ಇಳಿಯಬೇಕು. ಎರಡೂ ಪಕ್ಕದ ದವಡೆಗಳು ರೈಲನ್ನು ಕಚ್ಚಿಕೊಂಡಿರುತ್ತವೆ ನಿಜ. ಆದರೆ ಹಿಂದೆ ಮುಂದೆ ಜಾರದ ಹಾಗೆ ತಡೆಯೋದು ಈ ಪಟ್ಟಿ. ಕಳಚಿ ಬಂದ ನನ್ನ ಹಿಡಿಯ ಪಟ್ಟಿಯನ್ನು ಕ್ಯಾಲಿಪರ್‌ನಲ್ಲಿ ಅಳೆದರೆ 4.4 ಮಿ.ಮೀ. ಬಂತು. ಅಂದರೆ ಮುಕ್ಕಾಲು ಮಿಲಿಮೀಟರಿಗಿಂತ ಜಾಸ್ತಿ ಸಡಿಲ. ಪ್ರತಿ ಗುಂಡಿಗೂ ಅಷ್ಟಷ್ಟೇ ಸುತ್ತಿಗೆ ಏಟು ಬಿದ್ದ ಹಾಗೆ ಆಗಿ ಲಿವರ್ ಬಿಟ್ಟುಕೊಂಡಿತ್ತು. ಮಾರಿದವರು ‘ಎಲ್ಲಾ ರೈಲಿಗೂ ಹೊಂದುತ್ತದೆ’ ಅಂದಿದ್ದರು. ಎಲ್ಲಾದಕ್ಕೂ ಹೊಂದುವುದು ಯಾವುದಕ್ಕೂ ಸರಿಯಾಗಿ ಕೂರಲ್ಲ, ಅಲ್ವಾ?

ಪಟ್ಟಿಯ ಅಳತೆ ಸರಿ ಇದ್ದರೂ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಅದಕ್ಕೇ ಬಿಗಿ ಮಾಡುವ ಮುಂಚೆ ಹಿಡಿಯನ್ನು ನಿಮ್ಮ ಕೈ ಯಾವ ಕಡೆ ಎಳೆಯುತ್ತದೋ ಆ ಕಡೆಗೆ ಒತ್ತಿ. ದುರ್ಬೀನನ್ನು ಮುಂದಕ್ಕೆ ಒತ್ತಿ ಬಿಗಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ರೈಫಲ್ ಹಿಂದಕ್ಕೆ ಒದೆಯುವಾಗ ದುರ್ಬೀನು ಮುಂದಕ್ಕೆ ಉಳಿಯೋದರಿಂದ ಅದು ಸರಿ. ಹಿಡಿಯ ಲೆಕ್ಕ ಬೇರೆ. ನಾನು ಭುಜಕ್ಕೆ ಎಳೆದುಕೊಳ್ಳುವವನು, ಹಾಗಾಗಿ ಹಿಂದಕ್ಕೆ ಒತ್ತಿ ಲಿವರ್ ಮುಚ್ಚುತ್ತೇನೆ. ಆಮೇಲೆ ಹಿಡಿಯ ತುದಿ ಹಿಡಿದು ನಾಲ್ಕೂ ದಿಕ್ಕಿಗೆ ಅಲ್ಲಾಡಿಸಿ. ಕಣ್ಣಿಗೆ ಕಾಣದಿದ್ದರೆ ಹೆಬ್ಬೆರಳ ಉಗುರನ್ನು ರೈಲೂ ಹಿಡಿಯೂ ಸೇರುವ ಸಂದಿಯ ಮೇಲೆ ಇಡಿ. ಲಟಪಟ ಇದ್ದರೆ ಉಗುರಿಗೆ ಗೊತ್ತಾಗಿಬಿಡುತ್ತದೆ.

ನಿಮ್ಮ ರೈಫಲಿನಲ್ಲಿ ರೈಲ್ ಇಲ್ಲದೆ ಎಂ-ಲಾಕ್ ತೂತುಗಳಿದ್ದರೆ (ಸಾಮಾನು ಸಿಕ್ಕಿಸಲು ಕೊರೆದ ಉದ್ದನೆಯ ತೂತುಗಳು) ಒಂದು ವಿಷಯ ತಿಳಿದಿರಲಿ. ಎಂ-ಲಾಕ್ ಹಿಡಿ ಕೂರೋದು ಒಳಗೆ 90 ಡಿಗ್ರಿ ತಿರುಗುವ ನಟ್ಟುಗಳ ಮೇಲೆ. ಗಟ್ಟಿ, ಹಗುರ, ಚೆನ್ನಾಗಿರುತ್ತದೆ. ಆದರೆ ಬಿಚ್ಚೋದಕ್ಕೆ ಸಾಮಾನ್ಯವಾಗಿ ಅಲೆನ್ ಕೀ ಬೇಕು. ಥಟ್ಟನೆ ಬಿಚ್ಚಬೇಕು ಅಂದರೆ ಮೊದಲು ಒಂದು ತುಂಡು ರೈಲ್ ಕೂರಿಸಿ, ಅದರ ಮೇಲೆ ಹಿಡಿ ಹಾಕಬೇಕು. ಆಗ ಸಡಿಲಾಗುವ ಜಾಗ ಒಂದಲ್ಲ, ಎರಡು. ಕೆಳಗಿನ ರೈಲಿನ ಸ್ಕ್ರೂ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಗೀಟು ಎಳೆದಿಡಿ. ಸ್ಕ್ರೂ ತಿರುಗಿದ್ದರೆ ಗೀಟು ಮುರಿದಿರುತ್ತದೆ.

ಇನ್ನು ಬಿಚ್ಚಿ ಹಾಕುವ ಆಟ. ಇಪ್ಪತ್ತು ಸಲ ಮಾಡಿ, ಟೀವಿ ನೋಡುತ್ತಾ ಮಾಡಿದರೂ ಸರಿ. ಮೊದಲನೇ ಸಲ ಲಿವರ್ ಎಷ್ಟು ಗಟ್ಟಿ ಇತ್ತೋ ಇಪ್ಪತ್ತನೇ ಸಲವೂ ಹಾಗೇ ಇರಬೇಕು. ಬೆರಳು ನೋಯುವಷ್ಟು ಬಿಗಿ ಇದ್ದರೆ ಬಿಗಿ ಹೊಂದಿಸುವ ಸ್ಕ್ರೂ ಇದೆಯಾ ನೋಡಿ. ಲಿವರ್ ಮೇಲೆ ಬೀಗದ ಹಾಗೆ ಒಂದು ಪುಟ್ಟ ಗುಂಡಿ ಇದ್ದರೆ ಒಳ್ಳೇದು. ಇಲ್ಲದಿದ್ದರೆ ರೈಫಲನ್ನು ಹೆಗಲಿಗೆ ಹಾಕುವ ಸ್ಲಿಂಗ್ ಪಟ್ಟಿ ಸಿಕ್ಕಿಕೊಂಡು ತೆರೆಯುತ್ತದಾ ಅಂತ ಬೇಕಂತಲೇ ಎಳೆದು ನೋಡಿ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ಸಲ ಹಾಕಿ. ನಾನು ಕಣ್ಣು ಮುಚ್ಚಿ ಹಾಕಿದಾಗ ಒಂದು ಕಚ್ಚು ಮುಂದೆ ಕೂತಿತ್ತು. ಈಗ ಸರಿಯಾದ ಕಚ್ಚಿನ ಪಕ್ಕ ಒಂದು ಬಿಳಿ ಚುಕ್ಕೆ ಇದೆ.

ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ನನ್ನ ಹತ್ತಿರದ ಗಿಡ್ಡ ಪ್ಲಾಸ್ಟಿಕ್ ಹಿಡಿ 74 ಗ್ರಾಂ, ಲಿವರ್ ಇರುವ ಅಲ್ಯೂಮಿನಿಯಂ ಹಿಡಿ 151. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಆ ಭಾರ ಇರೋದು ಮುಂದಿನ ತುದಿಯಲ್ಲಿ. ಎಡತೋಳು ಚಾಚಿ ಎರಡು ನಿಮಿಷ ನಿಂತರೆ ತೋಳೇ ಹೇಳುತ್ತದೆ. ಹಿಡಿಯೊಳಗೆ ಬ್ಯಾಟರಿ ಇಡುವ ಡಬ್ಬಿ ಇದ್ದರೆ ಕಿವಿ ಹತ್ತಿರ ತಂದು ಅಲ್ಲಾಡಿಸಿ. ಗಿಲಕಿಯ ಹಾಗೆ ಸದ್ದಾದರೆ ಬೇಡ.

ರೇಂಜಿನಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಮೊದಲು ಹಿಡಿ ಇಲ್ಲದೆ 50 ಗುಂಡು ಹೊಡೆದು, ಆಮೇಲೆ ಹಾಕಿಕೊಂಡು 50 ಹೊಡೆದು, ‘ಎಷ್ಟು ಸುಧಾರಿಸಿತು ನೋಡಿ’ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಕೈ ಪಳಗಿರುತ್ತದೆ, ಇಲ್ಲಾ ದಣಿದಿರುತ್ತದೆ. ಬಿಚ್ಚೋದಕ್ಕೆ ಬರುವ ಹಿಡಿ ಅಲ್ವಾ, ಬಿಚ್ಚಿ! ಐದು ಗುಂಡು ಹಾಕಿಕೊಂಡು, ಐದು ಬಿಚ್ಚಿ, ಮತ್ತೆ ಹಾಕಿಕೊಂಡು, ಹೀಗೆ ಎಂಟು ಸುತ್ತು. ಪ್ರತಿ ಸಲ ಮುಟ್ಟುವ ಮುಂಚೆ ರೈಫಲ್ ಖಾಲಿ ಮಾಡಿ. ಶಾಟ್ ಟೈಮರ್ (ಪ್ರತಿ ಗುಂಡಿನ ಹೊತ್ತು ಅಳೆಯುವ ಗಡಿಯಾರ) ಇದ್ದರೆ ಮೊದಲ ಗುಂಡಿನ ಹೊತ್ತು, ಎರಡರ ನಡುವಿನ ಹೊತ್ತು, ಎರಡನ್ನೂ ಬರೆದುಕೊಳ್ಳಿ. 7 ಗಜದಲ್ಲಿ ಒಮ್ಮೆ, 25 ಗಜದಲ್ಲಿ ಒಮ್ಮೆ.

ನನಗೆ ಸಿಕ್ಕ ಉತ್ತರ ಸ್ವಲ್ಪ ಪೆಚ್ಚಾಗಿಸಿತು. ಉದ್ದ ಹಿಡಿಯನ್ನು ಪೊರಕೆ ಹಿಡಿದ ಹಾಗೆ ಪೂರ್ತಿ ಮುಷ್ಟಿಯಲ್ಲಿ ಹಿಡಿದಾಗ ಬ್ಯಾರೆಲ್ ಪಕ್ಕಕ್ಕೆ ಜಾಸ್ತಿ ಹೋಗುತ್ತಿತ್ತು. ಗಿಡ್ಡ ಹಿಡಿಗೆ ಕೆಳಗಿನ ಎರಡು ಬೆರಳು ಮಾತ್ರ ಸುತ್ತಿ, ಹೆಬ್ಬೆರಳು ಮೇಲೆ ಬ್ಯಾರೆಲ್ ಸುತ್ತಿನ ಕವಚದ, ಅಂದರೆ ಹ್ಯಾಂಡ್‌ಗಾರ್ಡಿನ ಪಕ್ಕ ಇಟ್ಟಾಗ ಗುಂಡುಗಳು ಒಟ್ಟಾಗಿ ಬಿದ್ದವು. ಹಾಗಿದ್ದಾಗ ರೈಫಲಿಗೆ ಸಿಕ್ಕಿಸಿದ ಟಾರ್ಚಿನ ಗುಂಡಿಯೂ ಹೆಬ್ಬೆರಳಿಗೆ ಸಿಗುತ್ತದೆ. ವೇಗದಲ್ಲಿ ಹೇಳಿಕೊಳ್ಳುವಂಥ ಲಾಭ ಏನೂ ಕಾಣಲಿಲ್ಲ. ಲಾಭ ಆಗಿದ್ದು ಎರಡು ಕಡೆ. 60 ಗುಂಡು ಆದ ಮೇಲೆ ಕೈ ಸುಡಲಿಲ್ಲ. ಇನ್ನೊಂದು, ಪ್ರತಿ ಸಲ ಕೈ ಒಂದೇ ಜಾಗಕ್ಕೆ ಹೋಯಿತು.

ಬೆಂಚಿನ ಮೇಲೆ ಮಾತ್ರ ಅದು ಅಡ್ಡ. ಮರಳು ಚೀಲದ ಮೇಲೆ ರೈಫಲ್ ಮಲಗಿಸಿದರೆ ಹಿಡಿ ಚೀಲಕ್ಕೆ ತಗಲುತ್ತದೆ, ನಾವು ಗೊತ್ತಿಲ್ಲದೆ ಅದನ್ನು ಒತ್ತುತ್ತೇವೆ. ಹಾಗಾಗಿ 100 ಗಜದಲ್ಲಿ ಗುರಿ ನೋಡುವ ಸೈಟ್ ಹೊಂದಿಸುವಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ನೀವು ಎಂದೂ ಬೆಂಚಿನ ಮೇಲೆ ಕೂರಲ್ಲ ಅಂದರೆ ಲಿವರಿಗೆ ದುಡ್ಡು ಸುರಿಯಬೇಡಿ, ಸ್ಕ್ರೂ ಹಾಕುವ ಹಿಡಿಯೇ ಸಾಕು. ಹಳೇ ಹಿಡಿ ಏನಾಯಿತು ಅಂತ ಕೇಳಿದರೆ, ಅದು ಈಗ ಗ್ಯಾರೇಜಿನ ಡ್ರಾಯರಿನ ಹಿಡಿಕೆ. ಅಲ್ಲಿಯೂ ಸ್ವಲ್ಪ ಅಲ್ಲಾಡುತ್ತದೆ.