ಹೊತ್ತು ಮುಳುಗುವ ಮುಂಚೆ ಮುಗಿಯುವ ಹೋಂವರ್ಕ್

ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು 4 ಮತ್ತು 5ನೇ ತರಗತಿಗೆ ಪಾಠ ಮಾಡುತ್ತೇನೆ. ಎರಡೂ ತರಗತಿ ಒಂದೇ ಕೋಣೆಯಲ್ಲಿ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಮಿಸ್ 1ರಿಂದ 3ರ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಲ್ಲಿ ಕಲಿಸುವ ನಲಿ-ಕಲಿ ನಡೆಸುತ್ತಾರೆ. ಊರಿನ ಮನೆಗಳೆಂದರೆ ಒಂದಿಷ್ಟು ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಒಂದು ಹುಳದ ಮನೆ, ಒಂದೆರಡು ಸೀಮೆ ಹಸು. ಮನೆಮಾತು ಬಹುಪಾಲು ತೆಲುಗು. ಸುಮಾರು ಮಕ್ಕಳ ಮನೆಯಲ್ಲಿ ಅವರಷ್ಟು ಓದಿದವರು ಬೇರೆ ಯಾರೂ ಇಲ್ಲ. ನಾನು ಮುಂದೆ ಹೇಳುವುದೆಲ್ಲ ಇಂಥ ಮಕ್ಕಳ ಬಗ್ಗೆ. ಸಂಜೆ ಟ್ಯೂಷನ್ನಿಗೆ ಹೋಗುವ, ಪಕ್ಕದಲ್ಲಿ ಅಪ್ಪನೋ ಅಮ್ಮನೋ ಕೂತು ಹೇಳಿಕೊಡುವ ಮಕ್ಕಳ ಕಥೆ ಬೇರೆ.

ಹೋಂವರ್ಕ್ ಯಾಕೆ ಕೊಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಮಗು ಒಬ್ಬನೇ ಕೂತಾಗ ಏನು ಮಾಡಬಲ್ಲ ಅಂತ ನನಗೆ ಗೊತ್ತಾಗಬೇಕು. ತರಗತಿಯಲ್ಲಿ ನಾನು ಬೋರ್ಡಿನ ಮುಂದೆ ನಿಂತಿರುತ್ತೇನೆ, ಪಕ್ಕದವನ ಪುಸ್ತಕ ಕಾಣುತ್ತಿರುತ್ತದೆ, ಎಲ್ಲರೂ ಒಟ್ಟಿಗೆ ‘ಹೂಂ ಮಿಸ್’ ಅನ್ನುತ್ತಾರೆ. ಅಲ್ಲಿ ಯಾರಿಗೆ ಅರ್ಥವಾಯಿತು, ಯಾರು ಸುಮ್ನೆ ತಲೆ ಆಡಿಸಿದರು ಅಂತ ಹೇಳುವುದು ಕಷ್ಟ. ಮಾರನೇ ದಿನ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಮನೆಯಲ್ಲಿ ಇನ್ನೊಬ್ಬರು ಕೈ ಹಾಕಲೇಬೇಕಾದ ಯಾವ ಕೆಲಸವನ್ನೂ ನಾನು ಕೊಡುವುದಿಲ್ಲ. ಅಂಥದ್ದು ಅಣ್ಣನ ಕೆಲಸವಾಗುತ್ತದೆ, ಇಲ್ಲವೇ ಗೈಡಿನ ಕೆಲಸ, ಇಲ್ಲವೇ ಬೆಳಿಗ್ಗೆ ಶಾಲೆ ಜಗಲಿಯಲ್ಲಿ ತರಗತಿಯ ಜಾಣೆಯ ಪುಸ್ತಕ ನೋಡಿ ಇಳಿಸುವ ಕೆಲಸ. ಜಗಲಿಯಲ್ಲಿ ಇಳಿಸಿದ್ದು ಸುಲಭವಾಗಿ ಸಿಕ್ಕಿಬೀಳುತ್ತದೆ. ಜಾಣೆ ಮಾಡಿದ ತಪ್ಪು ಸಾಲಾಗಿ ಎಲ್ಲರ ಪುಸ್ತಕದಲ್ಲೂ ಇರುತ್ತದೆ!

ಈ ಯೋಚನೆ ಗಟ್ಟಿಯಾದದ್ದು ಕೊರೋನಾ ಸಮಯದಲ್ಲಿ. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ 2020ರ ಆಗಸ್ಟ್‌ನಲ್ಲಿ ಶುರುವಾಯಿತಲ್ಲ, ಆಗ ನಾವು ಮೇಷ್ಟ್ರುಗಳೆಲ್ಲ ದೇವಸ್ಥಾನದ ಜಗಲಿ, ಅರಳಿಕಟ್ಟೆ ಅಂತ ಕೂತು ಪಾಠ ಮಾಡಿದೆವು. ಮಕ್ಕಳ ಮನೆಗಳ ಒಳಗೆ ಹೋಗಿ ಬಂದೆವು. ಮಗು ಬರೆಯುವ ಜಾಗ ಯಾವುದು ಅಂತ ಅಲ್ಲೇ ನಾನು ನೋಡಿದ್ದು. ಒಂದು ಮನೆಯಲ್ಲಿ ಸೊಪ್ಪಿನ ರಾಶಿ ಪಕ್ಕ, ಇನ್ನೊಂದರಲ್ಲಿ ಹೊರಗಿನ ಮೆಟ್ಟಿಲ ಮೇಲೆ. ದೀಪ ಹಾಕಿದ ಮೇಲೆ ಒಂದೇ ಕೋಣೆಯಲ್ಲಿ ಅಡುಗೆ, ಟಿವಿ, ಪುಟ್ಟ ತಂಗಿಯ ಅಳು. ಹೊತ್ತು ಮುಳುಗುವ ಮುಂಚೆ ಮುಗಿಯದ ಹೋಂವರ್ಕ್ ನಮ್ಮೂರಲ್ಲಿ ಮುಗಿಯುವುದೇ ಇಲ್ಲ.

ನಿಯಮ ಕೂಡ ಇದನ್ನೇ ಹೇಳುತ್ತದೆ. ನಮ್ಮ ರಾಜ್ಯ 2019ರಲ್ಲಿ ಬ್ಯಾಗಿನ ತೂಕದ ಸುತ್ತೋಲೆ ಹೊರಡಿಸಿದಾಗಲೇ 1 ಮತ್ತು 2ನೇ ತರಗತಿಗೆ ಹೋಂವರ್ಕ್ ಬೇಡ ಅಂತ ಹೇಳಿತ್ತು. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ವಾರಕ್ಕೆ 2 ಗಂಟೆ ಅಂದರೆ ದಿನಕ್ಕೆ 20 ನಿಮಿಷ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತವರ ಜೊತೆಗಾರರು 2006ರಲ್ಲಿ ಅಲ್ಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೈಸ್ಕೂಲಿನಲ್ಲಿ ಹೋಂವರ್ಕ್‌ಗೂ ಕಲಿಕೆಗೂ ಇರುವ ನಂಟು ಸಣ್ಣ ತರಗತಿಗಳಲ್ಲಿ ಅಷ್ಟಾಗಿ ಕಂಡಿಲ್ಲ. ನನಗೆ 20 ನಿಮಿಷ ಧಾರಾಳ ಸಾಕು.

ನಾನು ಮಾಡುವ ಕ್ರಮ ಹೀಗಿದೆ. ಕೊನೆಯ ಪಿರಿಯಡ್‌ನ ಕೊನೆಯ 10 ನಿಮಿಷ ಹೋಂವರ್ಕ್‌ಗೇ ಮೀಸಲು. ಬೋರ್ಡಿನ ಮೇಲೆ ನಾಲ್ಕು ಲೆಕ್ಕ ಬರೆಯುತ್ತೇನೆ. ಮೊದಲ ಲೆಕ್ಕ ಅಲ್ಲೇ, ನನ್ನ ಕಣ್ಣೆದುರೇ ಮಾಡಬೇಕು. ಲೆಕ್ಕ ಇಳಿಸಿಕೊಳ್ಳುವಾಗಲೇ ಅಂಕಿ ಅದಲು ಬದಲು ಮಾಡಿದವರು, ಏನು ಕೇಳಿದ್ದಾರೆ ಅಂತಲೇ ತಿಳಿಯದೆ ಪೆನ್ಸಿಲ್ ಕಚ್ಚುತ್ತಾ ಕೂತವರು ಆಗಲೇ ಕಣ್ಣಿಗೆ ಬೀಳುತ್ತಾರೆ. ಅವರನ್ನು ಹಾಗೇ ಮನೆಗೆ ಕಳಿಸಿದರೆ ಆ ಸಂಜೆಗೆ ಅರ್ಥವೇ ಇರುವುದಿಲ್ಲ. ಉಳಿದ ಮೂರರಲ್ಲಿ ಒಂದು ಅವತ್ತಿನ ಪಾಠದ್ದು, ಒಂದು ಹೋದ ವಾರದ್ದು, ಇನ್ನೊಂದು ಹೋದ ತಿಂಗಳದ್ದು. ಹಳೆಯದನ್ನು ಸೇರಿಸುವುದು ಬೇಕೆಂದೇ. ಅವತ್ತಿನ ಭಾಗಾಕಾರವನ್ನು ಅವತ್ತು ಎಲ್ಲರೂ ಮಾಡಿಬಿಡುತ್ತಾರೆ. ಒಂದು ತಿಂಗಳು ಬಿಟ್ಟು ಕೇಳಿದಾಗಲೂ ಮಾಡಿದರೆ ಅದು ಬಂದಿದೆ ಅಂತ ಲೆಕ್ಕ.

ಲೆಕ್ಕ ಬಿಟ್ಟರೆ ಕನ್ನಡದ ಒಂದು ಪ್ಯಾರಾ ಜೋರಾಗಿ ಓದುವುದು. ಯಾರ ಮುಂದಾದರೂ ಸರಿ, ಓದಬೇಕು. ಕೇಳಿಸಿಕೊಂಡವರು ಪುಸ್ತಕದ ಮೂಲೆಯಲ್ಲಿ ಒಂದು ಗೀಟು ಎಳೆಯಬೇಕು. ಸಹಿ ಬೇಡ ಅಂದಿದ್ದೇನೆ. ಸಹಿ ಅಂದಕೂಡಲೇ ಅಜ್ಜಿಯಂದಿರು, ಎಷ್ಟೋ ಅಮ್ಮಂದಿರು ಹಿಂದೆ ಸರಿಯುತ್ತಾರೆ. ಗೀಟು ಯಾರು ಬೇಕಾದರೂ ಎಳೆಯಬಹುದು. ಒಬ್ಬ ಅಜ್ಜಿಯಂತೂ ಓದು ಇಷ್ಟವಾದರೆ ಎರಡು ಗೀಟು ಎಳೆಯುತ್ತಾರೆ, ತಡವರಿಸಿದರೆ ಅರ್ಧ ಗೀಟು. ಅವರಿಗೆ ಅಕ್ಷರ ಬರುವುದಿಲ್ಲ, ಕಿವಿ ಮಾತ್ರ ಭಾರಿ ಚುರುಕು.

ಇಂಗ್ಲಿಷ್ ಹೋಂವರ್ಕ್ ನಾನು ಕೊಡುವುದೇ ಇಲ್ಲ. ಮನೆಯಲ್ಲಿ ಆ ಭಾಷೆ ಕಿವಿಗೆ ಬೀಳದಿದ್ದಾಗ ಬರೀ ಸ್ಪೆಲ್ಲಿಂಗ್ ಐದೈದು ಸಲ ಬರೆಸಿ ಏನು ಬಂತು? ಕೈ ನೋಯುತ್ತದೆ ಅಷ್ಟೇ. ಇಂಗ್ಲಿಷ್ ಏನಿದ್ದರೂ ಶಾಲೆಯಲ್ಲೇ, ಬಾಯಲ್ಲೇ. ಹಾಗೇ ಥರ್ಮಾಕೋಲ್, ಚಾರ್ಟ್, ಮಿಂಚು ಪೇಪರ್ ಪ್ರಾಜೆಕ್ಟ್‌ಗಳಿಗೂ ನನ್ನ ತರಗತಿಯಲ್ಲಿ ಜಾಗ ಇಲ್ಲ. ಅದರ ದುಡ್ಡು ಅಪ್ಪನದು, ಕೆಲಸ ಸ್ಟೇಷನರಿ ಅಂಗಡಿಯವರದು.

ಇನ್ನು ಬೆಳಿಗ್ಗೆ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ ಓದು ಆದಮೇಲೆ ಹಾಲು. ಕ್ಷೀರಭಾಗ್ಯ 2013ರಲ್ಲಿ ಶುರುವಾದದ್ದು. ಹಾಲಿನ ಪುಡಿ ಕಲಸಿ ಕಾಯಿಸಿ ಒಬ್ಬೊಬ್ಬರಿಗೆ 150 ಮಿ.ಲೀ. ಕೊಡುತ್ತೇವೆ. (ನಮ್ಮ ಮಕ್ಕಳ ಮನೆಯಲ್ಲಿ ಕರೆದ ಹಾಲು ಬೆಳಿಗ್ಗೆ ಡೇರಿಗೆ ಹೋಗುತ್ತದೆ, ಅವರು ಶಾಲೆಗೆ ಬಂದು ಪುಡಿ ಹಾಲು ಕುಡಿಯುತ್ತಾರೆ. ಇದನ್ನು ಮೊದಲು ಹೇಳಿ ನಕ್ಕವರು ಮಕ್ಕಳೇ.) ಅಡುಗೆಯವರು ಹಾಲು ಹಂಚುವ ಹೊತ್ತೇ ನಾನು ಪುಸ್ತಕ ನೋಡುವ ಹೊತ್ತು. ಕೆಂಪು ಶಾಯಿಯಲ್ಲಿ ಪ್ರತಿ ಸಾಲಿಗೂ ರೈಟು ಹಾಕುತ್ತಾ ಕೂರುವುದಿಲ್ಲ. ಮೂರು ಗುಡ್ಡೆ ಮಾಡುತ್ತೇನೆ. ಬಂದವರದು ಒಂದು. ದಾರಿ ಗೊತ್ತಿದ್ದು ಎಲ್ಲೋ ಎಡವಿದವರದು ಒಂದು. ದಾರಿಯೇ ಗೊತ್ತಿಲ್ಲದವರದು ಇನ್ನೊಂದು. ಹಾಲಿನ ಲೋಟ ತೊಳೆದು ಇಡುವಷ್ಟರಲ್ಲಿ ಇದು ಮುಗಿಯುತ್ತದೆ. ಎರಡನೇ ಗುಡ್ಡೆಯವರು ಮೊದಲನೇ ಗುಡ್ಡೆಯವರ ಪಕ್ಕ ಕೂತು ತಪ್ಪು ಹುಡುಕುತ್ತಾರೆ. ಮೂರನೇ ಗುಡ್ಡೆಯವರು ನನ್ನ ಸುತ್ತ ನೆಲದ ಮೇಲೆ. ಮೊದಲ ಪಿರಿಯಡ್ ಶುರುವಾಗುವುದು ಅಲ್ಲಿಂದ. ಕೆಲವು ದಿನ ಮೂರನೇ ಗುಡ್ಡೆಯೇ ದೊಡ್ಡದಾಗಿರುತ್ತದೆ. ಅಂದರೆ ನಿನ್ನೆ ನಾನು ಹೇಳಿಕೊಟ್ಟದ್ದು ಯಾರಿಗೂ ದಾಟಿಲ್ಲ. ಆಗ ಅವತ್ತಿನ ಹೊಸ ಪಾಠ ಪಕ್ಕಕ್ಕೆ.

ನೋಡದೆ ಬಿಡುವ ಹೋಂವರ್ಕ್ ಕೊಡುವುದೇ ಬೇಡ ಅನ್ನುವುದು ನನ್ನ ಹಟ. ಎರಡು ದಿನ ನೋಡದಿದ್ದರೆ ಮೂರನೇ ದಿನ ಮಕ್ಕಳು ಬರೆದು ತರುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬರುವ ದಿನ, ಗಣತಿ ಕೆಲಸ, ತಾಲ್ಲೂಕು ಕೇಂದ್ರದಲ್ಲಿ ತರಬೇತಿ ಅಂತ ನನಗೆ ಪುರುಸೊತ್ತು ಇರುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ದಿನ ಓದು ಮಾತ್ರ ಕೊಡುತ್ತೇನೆ.

ಬರೆಯದೆ ಬಂದವರಿಗೆ? ನಿಲ್ಲಿಸುವುದು, ಬೈಯುವುದು, ಆಟದ ಪಿರಿಯಡ್ ಕಿತ್ತುಕೊಳ್ಳುವುದು ಯಾವುದೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ತಡೆಯುತ್ತದೆ. ಹಾಲು ಕುಡಿದಮೇಲೆ ಎರಡು ಲೆಕ್ಕ ನನ್ನ ಪಕ್ಕ ಕೂತು ಮಾಡಬೇಕು. ಯಾಕೆ ಬರೆಯಲಿಲ್ಲ ಅಂತ ಮೆಲ್ಲಗೆ ಕೇಳುತ್ತೇನೆ. ಉತ್ತರ ಹೆಚ್ಚಾಗಿ ಒಂದೇ ಇರುತ್ತದೆ: ‘ಮಿಸ್, ನಮ್ಮನೇಲಿ ನಾಲ್ಕನೇ ಜ್ವರ ಎದ್ದಿದೆ.’

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪೊರೆ ಕಳಚಿ ಮತ್ತೆ ಮೇಯಲು ಶುರು ಮಾಡಿದರೆ ಜ್ವರ ಎದ್ದಿತು ಅಂತ. ಈಗ ಹೆಚ್ಚಿನವರು ಮರಿ ಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳ ತರುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳ ತಿನ್ನುವುದೇ ತಿನ್ನುವುದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಆಮೇಲೆ ಹುಳ ಹಣ್ಣಾದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಗೂಡು ಕಟ್ಟುವ ತಟ್ಟೆಗೆ, ಅದೇ ಚಂದ್ರಿಕೆಗೆ, ಬಿಡುವುದು. ಅವತ್ತು ಮನೆಯಲ್ಲಿ ಕೈಕಾಲು ಆಡುವವರೆಲ್ಲ ಅಲ್ಲೇ ಇರುತ್ತಾರೆ. ಇಂಥ ವಾರದಲ್ಲಿ ಮಗು ಕೂತು ಬರೆಯಲಿ ಅಂದರೆ ಆಗುವ ಮಾತಲ್ಲ. ನಮ್ಮ ತರಗತಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಮನೆಗೆ ಹುಳ ಬಂದ ದಿನ ಮಕ್ಕಳೇ ಅದರಲ್ಲಿ ತಮ್ಮ ಹೆಸರು ಬರೆಯುತ್ತಾರೆ, ನಾಲ್ಕನೇ ಜ್ವರ ಯಾವಾಗ ಏಳಬಹುದು ಅಂತ ಎಣಿಸಿ ಗುರುತು ಹಾಕುತ್ತಾರೆ. ಆ ವಾರ ಅವರಿಗೆ ಬರೆಯುವ ಕೆಲಸ ಇಲ್ಲ, ಸೊಪ್ಪು ಹೊರುವಾಗ ಹೇಳಿಕೊಳ್ಳುವ ಮಗ್ಗಿ ಮಾತ್ರ.

ಬೆಳೆ ಮುಗಿದ ಮೇಲೆ ಅದೇ ಗೂಡು ಲೆಕ್ಕಕ್ಕೆ ಬರುತ್ತದೆ. ಎಷ್ಟು ಮೊಟ್ಟೆಯ ಹುಳ ತಂದರು, ಎಷ್ಟು ಕಿಲೋ ಗೂಡು ಬಂತು, ನೂರು ಮೊಟ್ಟೆಗೆ ಎಷ್ಟು ಬಿತ್ತು. (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು.) ದರ ಮಾತ್ರ ಕೇಳುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಯಾರ ಲಾಟು ಎಷ್ಟಕ್ಕೆ ಹೋಯಿತು, ಕೈಗೆ ಎಷ್ಟು ದುಡ್ಡು ಬಂತು ಅನ್ನುವುದು ಮನೆಯ ಗುಟ್ಟು. ಸಾಲ ಕೊಟ್ಟವರೂ ಅದೇ ಊರಿನಲ್ಲಿ ಇರುತ್ತಾರಲ್ವಾ? ದರ ನಾನೇ ಏನೋ ಒಂದು ಹೇಳಿಬಿಡುತ್ತೇನೆ.

ದಶಮಾಂಶ ಹೇಳಿಕೊಡಲು, ಹಾಲು ಹಾಕಿದಾಗ ಅದರ ಫ್ಯಾಟ್ ಎಷ್ಟು ಅಂತ ಬರೆದು ಕೊಡುವ ಡೇರಿ ಚೀಟಿಗಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. 3.9 ದೊಡ್ಡದೋ 3.10 ದೊಡ್ಡದೋ ಅಂತ ಬೋರ್ಡಿನ ಮೇಲೆ ಬರೆದು ಕೇಳಿದರೆ ಅರ್ಧ ತರಗತಿ 3.10 ಅನ್ನುತ್ತದೆ, ಒಂಬತ್ತಕ್ಕಿಂತ ಹತ್ತು ದೊಡ್ಡದಲ್ವಾ ಅಂತ. ಮನೆಯಲ್ಲಿರುವ ಚೀಟಿ ನೋಡಿ ಯಾವ ದಿನ ಫ್ಯಾಟ್ ಜಾಸ್ತಿ ಬಂದಿದೆ, ಯಾವ ದಿನ ಕಡಿಮೆ ಅಂತ ಬರೆದು ತನ್ನಿ ಅಂದೆ. ಫ್ಯಾಟ್ ಕಡಿಮೆಯಾದರೆ ದುಡ್ಡು ಕಡಿಮೆ ಅಂತ ಮನೆಯವರಿಗೆಲ್ಲ ಗೊತ್ತು. ಮಾರನೇ ದಿನ ಒಬ್ಬ ಹುಡುಗ ಬಂದವನೇ, ‘3.1 ಬಂದ್ರೆ ಅಮ್ಮ ಹಸೂನ ಬೈತಾರೆ, 3.9 ಬಂದ್ರೆ ಹಿಂಡಿ ಹಾಕ್ತಾರೆ ಮಿಸ್’ ಅಂದ. ಆಮೇಲೆ ಆ ಸೊನ್ನೆಯ ಜಗಳ ಬಿಡಿಸುವುದು ಸುಲಭವಾಯಿತು. ಹಸು ಇಲ್ಲದ ಮಕ್ಕಳು ಪಕ್ಕದ ಮನೆಯ ಚೀಟಿ ನೋಡಿ ಬರೆದರು.

ವಾರಕ್ಕೊಮ್ಮೆ ಅಜ್ಜಿಯನ್ನೋ ತಾತನನ್ನೋ ಒಂದು ಕಥೆ ಕೇಳಿಕೊಂಡು ಬರಬೇಕು. ಅವರು ಹೇಳುವುದು ತೆಲುಗಿನಲ್ಲಿ. ತರಗತಿಯಲ್ಲಿ ಕನ್ನಡದಲ್ಲಿ ಹೇಳಬೇಕು. ಪುಸ್ತಕದ ಪ್ರಶ್ನೆಗೆ ಬಾಯೇ ಬಿಡದ ಮಕ್ಕಳು ಇದಕ್ಕೆ ಎದ್ದು ನಿಲ್ಲುತ್ತಾರೆ. ನಡುವೆ ಕನ್ನಡ ಮಾತು ಹೊಳೆಯದಿದ್ದರೆ ಉಳಿದವರೇ ಕೂಗಿ ಕೊಡುತ್ತಾರೆ.

ಇದಕ್ಕೆಲ್ಲ ಊರವರ ಒಪ್ಪಿಗೆ ಸುಲಭವಾಗಿ ಸಿಕ್ಕಿತು ಅಂತ ಅಂದುಕೊಳ್ಳಬೇಡಿ. ಬೆಳಿಗ್ಗೆ ಊರಿಗೆ ಬರುವ ಕಾನ್ವೆಂಟ್ ವ್ಯಾನಿನಲ್ಲಿ ಹೋಗುವ ಮಕ್ಕಳು ರಾತ್ರಿ ತನಕ ಬರೆಯುತ್ತಾರೆ. ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ಒಬ್ಬ ತಂದೆ ನೇರವಾಗಿಯೇ ಕೇಳಿದರು.

‘ಪಕ್ಕದ ಮನೆ ಹುಡ್ಗ ರಾತ್ರಿ ಒಂಬತ್ತರ ತನಕ ಬರೀತಾನೆ ಮಿಸ್. ನಮ್ಮೋನು ಆರಕ್ಕೇ ಮುಗಿಸಿ ಆಟಕ್ಕೆ ಓಡ್ತಾನೆ. ನೀವು ಸರಿಯಾಗಿ ಕೊಡ್ತಾ ಇಲ್ಲ ಅನ್ಸುತ್ತೆ.’

‘ಅವನ ಪುಸ್ತಕ ತರಿಸಲಾ ಅಣ್ಣ? ನೀವೇ ಕೇಳಿ ನೋಡಿ’ ಅಂದೆ.

ಹುಡುಗ ಬಂದು ಒಂದು ಪ್ಯಾರಾ ಓದಿದ, ಭಾಗಾಕಾರ ಮಾಡಿ ತೋರಿಸಿದ. ಶೇಷ ಯಾಕೆ ಉಳಿಯಿತು ಅಂತಲೂ ಹೇಳಿದ. ತಂದೆ ಸ್ವಲ್ಪ ಹೊತ್ತು ನೋಡಿದರು. ‘ಓದ್ತಾನೆ ಬಿಡಿ. ಆದ್ರೂ ಒಂಚೂರು ಜಾಸ್ತಿ ಕೊಡಿ ಮಿಸ್’ ಅಂದರು!

ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಮಗು ಮನೆಯಲ್ಲಿ ಕೂತು ಬರೆಯುವುದು ಅವರಿಗೆ ಕಾಣುವ ಒಂದೇ ಓದು. ಶಾಲೆಯ ಒಳಗೆ ಏನಾಗುತ್ತದೆ ಅಂತ ನೋಡಲು ಅವರಿಗೆ ಬಿಡುವೆಲ್ಲಿ? ಹಾಗಾಗಿ ಬೋರ್ಡಿನ ಮೂಲೆಯಲ್ಲಿ ನಕ್ಷತ್ರ ಹಾಕಿ ಎರಡು ಗಟ್ಟಿ ಲೆಕ್ಕ ಬರೆಯಲು ಶುರು ಮಾಡಿದೆ. ಬೇಕಾದವರು ಮಾಡಬಹುದು, ಬಿಟ್ಟರೆ ಕೇಳುವುದಿಲ್ಲ. ಅದನ್ನು ಬಿಡದೆ ಮಾಡುವವರು ಹೆಚ್ಚಾಗಿ ಹುಡುಗಿಯರು. ಆ ತಂದೆಯ ಮಗ ಇವತ್ತಿಗೂ ಆರಕ್ಕೆ ಓಡುತ್ತಾನೆ.

ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ, ಅವತ್ತು ಬ್ಯಾಗೇ ಇಲ್ಲ. ಹಾಗಾಗಿ ಆ ಶುಕ್ರವಾರ ಹೋಂವರ್ಕೂ ಇಲ್ಲ. ದಸರಾ ರಜೆಗೆ ದಿನಕ್ಕೆ ಒಂದು ಸಾಲು: ಇವತ್ತು ಏನು ನೋಡಿದೆ. ಮಳೆ ಬಂತು, ರಾಗಿ ತೆನೆ ಬಿಟ್ಟಿದೆ, ಮಾವ ಬೆಂಗಳೂರಿನಿಂದ ಬಂದರು, ಇಷ್ಟೇ ಇರುತ್ತದೆ. ‘ಏನೂ ನೋಡಲಿಲ್ಲ’ ಅಂತ ಮೂರು ದಿನ ಸಾಲಾಗಿ ಬರೆದವರೂ ಇದ್ದಾರೆ.

ಒಂದು ಚಿಂತೆ ಮಾತ್ರ ಪ್ರತಿ ವರ್ಷ ಇರುತ್ತದೆ. 5 ಮುಗಿಸಿದ ಮಕ್ಕಳು 6ಕ್ಕೆ ಬೇರೆ ಊರಿನ ಶಾಲೆಗೆ ಹೋಗುತ್ತಾರೆ. ಅಲ್ಲಿ ಪ್ರತಿ ವಿಷಯಕ್ಕೂ ಬೇರೆ ಮೇಷ್ಟ್ರು, ಪ್ರತಿಯೊಬ್ಬರೂ ಬೇರೆ ಬೇರೆ ಹೋಂವರ್ಕ್ ಕೊಡುತ್ತಾರೆ. ಯಾರು ಏನು ಕೊಟ್ಟರು ಅಂತ ನೆನಪಿಡುವುದೇ ದೊಡ್ಡ ಕೆಲಸ. ಅದಕ್ಕೆ ಜನವರಿಯಿಂದ 5ನೇ ತರಗತಿಯವರಿಗೆ ನಾನು ಬೋರ್ಡಿನಲ್ಲಿ ಬರೆಯುವುದನ್ನು ಬಿಡುತ್ತೇನೆ. ದಿನದ ನಡುವೆ ಬಾಯಲ್ಲಿ ಹೇಳುತ್ತೇನೆ, ಬೇರೆ ಬೇರೆ ಹೊತ್ತಿನಲ್ಲಿ. ಒಂದು ಸಣ್ಣ ಪುಸ್ತಕದಲ್ಲಿ ಅವರೇ ಗುರುತು ಮಾಡಿಕೊಳ್ಳಬೇಕು: ಯಾವ ವಿಷಯ, ಏನು, ಯಾವತ್ತಿಗೆ. ಕೆಲವಕ್ಕೆ ಮಾರನೇ ದಿನ ಗಡುವು, ಕೆಲವಕ್ಕೆ ಮೂರು ದಿನ. ಮೊದಲ ವಾರ ಗೊಂದಲವೋ ಗೊಂದಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಹೆಚ್ಚಿನವರಿಗೆ ರೂಢಿಯಾಗುತ್ತದೆ. ಹುಳ ಇರುವ ಮನೆಯವರು ಮೂರು ದಿನದ ಕೆಲಸವನ್ನು ಮೊದಲ ದಿನವೇ ಮುಗಿಸಿಡುವುದನ್ನು ಬೇಗ ಕಲಿತುಬಿಡುತ್ತಾರೆ.