ಸ್ಮೋಕಿ ಬೆಟ್ಟಗಳಲ್ಲಿ ಶ್ವಾಸಕೋಶವಿಲ್ಲದ ಸಲಮಾಂಡರ್ ಗುರುತಿಸುವುದು: ಮೊದಲು ಜಾಗ, ಆಮೇಲೆ ಬಣ್ಣ

ಅಮೆರಿಕದ ಟೆನೆಸಿ ಮತ್ತು ನಾರ್ತ್ ಕ್ಯಾರೊಲೈನಾ ಗಡಿಯ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಸಲಮಾಂಡರ್ ಎಂಬ ಬಾಲವುಳ್ಳ ಉಭಯವಾಸಿಯ ಸುಮಾರು 30 ಜಾತಿಗಳಿವೆ. ಅವುಗಳಲ್ಲಿ 24ಕ್ಕೆ ಶ್ವಾಸಕೋಶವೇ ಇಲ್ಲ. ಚರ್ಮ ಮತ್ತು ಬಾಯಿಯ ಒಳಪೊರೆಯಿಂದಲೇ ಉಸಿರಾಡುವ ಇವುಗಳ ಮೈ ಒಣಗಿದರೆ ಉಸಿರು ಕಟ್ಟಿದಂತೆ. ಆದ್ದರಿಂದ ಹುಡುಕಬೇಕಾದದ್ದು ತೇವವನ್ನು.

ಕರ್ನಾಟಕದಲ್ಲಿ ಸಲಮಾಂಡರ್ ಇಲ್ಲದ ಕಾರಣ ನಮ್ಮವರಿಗೆ ಮೊದಲ ನೋಟಕ್ಕೆ ಇದು ಹಾವುರಾಣಿಯಂತೆ ಕಾಣುತ್ತದೆ. ಹಾವುರಾಣಿಯ ಮೈಮೇಲೆ ಹುರುಪೆ, ಬೆರಳಲ್ಲಿ ಉಗುರು ಇರುತ್ತವೆ. ಸಲಮಾಂಡರ್ ಕಪ್ಪೆಯ ನೆಂಟ. ಹುರುಪೆಯಿಲ್ಲದ ಒದ್ದೆ ಚರ್ಮ. ಶ್ವಾಸಕೋಶವಿಲ್ಲದ ಗುಂಪಿನದೇ ಎಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾ ಜೂಮ್ ಮಾಡಿ ಮೂತಿ ನೋಡಿ: ಮೂಗಿನ ಹೊಳ್ಳೆಯಿಂದ ಮೇಲ್ದುಟಿಗೆ ಕೂದಲೆಳೆಯಂಥ ಗೀರು ಇಳಿದಿರುತ್ತದೆ. ನೆಲದ ವಾಸನೆ ಆ ಗೀರಿನ ತೇವದಲ್ಲೇ ಮೂಗಿಗೆ ಏರುತ್ತದೆ.

ಮೇಯಿಂದ ಅಕ್ಟೋಬರ್‌ವರೆಗೆ, ಮಳೆ ಬಿದ್ದ ರಾತ್ರಿ, ಕತ್ತಲಾಗಿ ಒಂದು ಗಂಟೆಯ ನಂತರ ಹೊರಡಿ. ಒಣ ಗಾಳಿ ಬೀಸುವ ರಾತ್ರಿ ಕಾಡಿನ ನೆಲದಲ್ಲಿ ಏನೂ ಸಿಗುವುದಿಲ್ಲ, ಎಲ್ಲವೂ ಬಿಲದೊಳಗೆ. ಅಂದು ತೊರೆಯಂಚನ್ನಷ್ಟೇ ನೋಡಿ. ಹೆಡ್‌ಲ್ಯಾಂಪ್ ಬೆಳಕು ತಗ್ಗಿಸಿಡಿ, ಜೋರಾದರೆ ಸರಕ್ಕನೆ ಒಳಸರಿಯುತ್ತವೆ. ಕಲ್ಲು ಮಗುಚಲೇಬೇಡಿ. ಉದ್ಯಾನದಲ್ಲಿ ಅದು ನಿಷಿದ್ಧ. ಮಗುಚಿದ ಕಲ್ಲಿನಡಿಯ ತೇವ ಆರಿಹೋಗುತ್ತದೆ, ಮತ್ತೆ ಇಡುವಾಗ ಪ್ರಾಣಿಯೇ ಜಜ್ಜಿಹೋಗಬಹುದು.

ಈಗ ತೊರೆಯಿಂದ ಕಾಡಿನತ್ತ ಕಣ್ಣು ಹಾಯಿಸಿ. ಶ್ವಾಸಕೋಶವಿಲ್ಲದ ಗುಂಪಿನದೇ ಆದ ಡೆಸ್ಮೋಗ್ನಾಥಸ್ ಕುಲದ ಸೊಗಸು ಇಲ್ಲಿದೆ: ನೀರಿನಿಂದ ದೂರವಾದಷ್ಟೂ ಜಾತಿಯ ಗಾತ್ರ ಕಿರಿದಾಗುತ್ತದೆ. ಹರಿಯುವ ನೀರಲ್ಲೇ ಇರುವುದು 15 ಸೆಂ.ಮೀ. ದಾಟಬಲ್ಲ ಕಪ್ಪು ಹೊಟ್ಟೆಯ ಸಲಮಾಂಡರ್. ನೀರಂಚಿನ ಬಿಲದ ಬಾಯಲ್ಲಿ ತಲೆ ಎತ್ತಿ ಕಾದಿರುವುದು ಸೀಲ್ ಸಲಮಾಂಡರ್, ಇದರ ಹೊಟ್ಟೆ ಬಿಳಿಚು. ಒದ್ದೆ ದಂಡೆ, ತೊಟ್ಟಿಕ್ಕುವ ಬಂಡೆಗಳಲ್ಲಿ ಇನ್ನೂ ಚಿಕ್ಕವು. ಎತ್ತರದ ಸ್ಪ್ರೂಸ್-ಫರ್ (ಸೂಜಿಯೆಲೆ ಮರಗಳ) ಕಾಡಿನ ತರಗೆಲೆಗಳಲ್ಲಿ ಪಿಗ್ಮಿ ಸಲಮಾಂಡರ್, ಹೆಚ್ಚೆಂದರೆ 5 ಸೆಂ.ಮೀ. ಮಳೆಯ ರಾತ್ರಿ ಅದು ಗಿಡದ ಕಾಂಡ ಹತ್ತಿ ಕೂತಿರುತ್ತದೆ, ನೆಲವನ್ನಷ್ಟೇ ನೋಡುವವರಿಗೆ ಕಾಣುವುದಿಲ್ಲ. ದೊಡ್ಡವು ಚಿಕ್ಕವನ್ನು ತಿನ್ನುತ್ತವೆ ಎಂಬುದು ಈ ಹಂಚಿಕೆಗೆ ಒಂದು ಕಾರಣ.

ಬಣ್ಣ ನಂಬಿದರೆ ಮೋಸ ಹೋಗುವುದು ಕೆಂಪು ಕೆನ್ನೆಯ ವಿಷಯದಲ್ಲಿ. ಈ ಬೆಟ್ಟಗಳಿಗೇ ಸೀಮಿತವಾದ ಪ್ಲೆಥೋಡಾನ್ ಜೋರ್ಡಾನಿ ಎಂಬ ಸಲಮಾಂಡರ್‌ನ ಕೆನ್ನೆ ಕೆಂಪು. ಅದರ ಚರ್ಮದ ಸ್ರಾವ ಹಕ್ಕಿಗಳಿಗೆ ರುಚಿಸದು. ಡೆಸ್ಮೋಗ್ನಾಥಸ್ ಇಮಿಟೇಟರ್ ಎಂಬ ಬೇರೆ ಜಾತಿ ಅದೇ ವೇಷ ಹಾಕುತ್ತದೆ. ಹಿಂಗಾಲು ಮುಂಗಾಲಿಗಿಂತ ದಪ್ಪಗಿದ್ದು, ಕಣ್ಣಿನಿಂದ ದವಡೆಯ ಮೂಲೆಗೆ ತಿಳಿ ಗೆರೆ ಇದ್ದರೆ ಅದು ಇಮಿಟೇಟರ್. ಗೆರೆ ಮಸುಕಾಗಿದ್ದರೆ ಕಾಲನ್ನೇ ನಂಬಿ.

ಒರತೆಗಳಲ್ಲಿ ಕಿತ್ತಳೆ-ಗುಲಾಬಿ ಮೈಯ ಸ್ಪ್ರಿಂಗ್ ಸಲಮಾಂಡರ್ ಇರುತ್ತದೆ, ಅದರ ತಿಳಿ ಗೆರೆ ಕಣ್ಣಿನಿಂದ ಹೊಳ್ಳೆಯ ಕಡೆಗೆ. ಪಾಚಿಗಟ್ಟಿದ ಕೊಳದಂಚಿನಲ್ಲಿ ಹಿಂಗಾಲಿನ ಬೆರಳೆಣಿಸಿ; ಐದರ ಬದಲು ನಾಲ್ಕಿದ್ದರೆ ಅದು ಹೆಮಿಡ್ಯಾಕ್ಟಿಲಿಯಂ, ಅಂದರೆ ನಾಲ್ಬೆರಳಿನ ಸಲಮಾಂಡರ್.

ಮುಟ್ಟಬೇಡಿ. ಸೊಳ್ಳೆ ನಿವಾರಕ, ಸನ್‌ಸ್ಕ್ರೀನ್ ಹತ್ತಿದ ಕೈಯ ವಿಷ ಆ ಚರ್ಮದೊಳಕ್ಕೆ ನೇರ ಇಳಿಯುತ್ತದೆ. ಬಾಲ ಹಿಡಿದರೆ ಕಳಚಿಬೀಳುತ್ತದೆ. ಬಿಳಿ ಚುಕ್ಕೆಯ ಕಪ್ಪು ಸ್ಲೈಮಿ ಸಲಮಾಂಡರ್‌ನ ಲೋಳೆಯಂತೂ ಗೋಂದಿನಂತೆ ಅಂಟಿ, ಸೋಪಿಗೂ ಜಗ್ಗುವುದಿಲ್ಲ.

ಮೇಲಿನಿಂದ ಒಂದು, ತಲೆಯ ಪಕ್ಕದಿಂದ ಒಂದು ಫೋಟೊ ಸಾಕು. ಜೊತೆಗೆ ಸಮಯ, ಎತ್ತರ, ತಾಪಮಾನ, ನೀರಿನಿಂದ ಎಷ್ಟು ಹೆಜ್ಜೆ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಈ ಹೆಜ್ಜೆಯ ಲೆಕ್ಕವಿಲ್ಲದ ಫೋಟೊದಿಂದ ಡೆಸ್ಮೋಗ್ನಾಥಸ್ ಜಾತಿ ಹೇಳುವುದು ಬಲು ಕಷ್ಟ. ಇನ್ನೊಂದು ತೊರೆಗೆ ಹೋಗುವ ಮುನ್ನ, ನೀರಿನಿಂದ ದೂರ, ಬೂಟಿನ ಮಣ್ಣು ಉಜ್ಜಿ ತೆಗೆದು, 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ 5 ನಿಮಿಷ ನೆನೆಸಿ, ತೊಳೆದು ಒಣಗಿಸಿ. ಉಭಯವಾಸಿಗಳನ್ನು ಕೊಲ್ಲುವ ಶಿಲೀಂಧ್ರ ಒದ್ದೆ ಬೂಟಿನಲ್ಲೂ ಪ್ರಯಾಣ ಮಾಡಬಲ್ಲದು.