ಡೆಕ್ ತೊಳೆದಾಯಿತು, ಬಣ್ಣದ ಡಬ್ಬಿ ಇನ್ನೂ ಮುಚ್ಚಿಯೇ ಇರಲಿ

ತೊಳೆದ ಮರದ ಡೆಕ್, ಅಂದರೆ ಮನೆಯ ಹೊರಗೆ ಹಲಗೆ ಹಾಸಿ ಕಟ್ಟಿದ ಜಗಲಿ, ಮಾರನೆಯ ದಿನದ ಬಿಸಿಲಿನಲ್ಲಿ ನೋಡಲು ಬಲು ಚೆಂದ. ಪಾಚಿ ಹೋಗಿರುತ್ತದೆ, ಬೂದು ಮಾಸಲು ಇಳಿದು ಮರದ ನಿಜವಾದ ಮೈಬಣ್ಣ ಕಾಣಿಸುತ್ತಿರುತ್ತದೆ, ಬರಿಗಾಲಿಟ್ಟರೆ ಪೂರ್ತಿ ಒಣಗಿದಂತೆಯೇ ಅನ್ನಿಸುತ್ತದೆ. ಸ್ಟೇನ್ ಎಂಬ ಮರದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಕೈ ತುರಿಸುವುದು ಆಗಲೇ. ಹಾಗೆ ಅವಸರದಲ್ಲಿ ಬಳಿದ ಬಣ್ಣ ಒಂದು ಮಳೆಗಾಲವನ್ನೂ ದಾಟದೆ ಹೊಪ್ಪಳೆ ಹೊಪ್ಪಳೆಯಾಗಿ ಏಳುವುದನ್ನು ನನ್ನದೇ ಜಗಲಿಯಲ್ಲಿ ನೋಡಿದ್ದೇನೆ. ತೊಳೆಯಲು ಒಂದು ದಿನ, ಬಳಿಯಲು ಒಂದು ದಿನ ಸಾಕು. ಆದರೆ ಬಣ್ಣ ಎಷ್ಟು ವರ್ಷ ಬಾಳುತ್ತದೆ ಎಂಬುದು ತೀರ್ಮಾನವಾಗುವುದು ಇವೆರಡರ ನಡುವೆ ಮಾಡುವ ಕೆಲಸದಲ್ಲಿ.

ಸ್ಟೇನ್ ಮತ್ತು ಪೇಂಟ್ ಒಂದೇ ಅಲ್ಲ. ಪೇಂಟ್ ಮರದ ಮೇಲೆ ಪದರವಾಗಿ ಕೂರುತ್ತದೆ. ಸ್ಟೇನ್, ಅದರಲ್ಲೂ ಎಣ್ಣೆ ಆಧಾರಿತ ಸ್ಟೇನ್, ಮರದ ರಂಧ್ರಗಳೊಳಗೆ ಇಳಿಯಬೇಕು. ಆ ರಂಧ್ರಗಳಲ್ಲಿ ನೀರೋ ದೂಳೋ ಹಳೆಯ ಮೇಣವೋ ತುಂಬಿದ್ದರೆ ಅದಕ್ಕೆ ಇಳಿಯಲು ಜಾಗವೇ ಇರುವುದಿಲ್ಲ. ಮುಂದೆ ಹೇಳುವ ಕೆಲಸಗಳೆಲ್ಲ ಆ ಜಾಗವನ್ನು ತೆರವು ಮಾಡುವುದಕ್ಕೆ.

ತೊಳೆದ ದಿನವೇ ಮುಗಿಸಬೇಕಾದ ಕೆಲಸ

ಡೆಕ್ ತೊಳೆಯುವ ಪುಡಿಗಳಲ್ಲಿ ಹೆಚ್ಚಿನವುಗಳ ಮೂಲ ಸೋಡಿಯಂ ಪರ್ಕಾರ್ಬೊನೇಟ್. ನೀರಿಗೆ ಬಿದ್ದಾಗ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ತೊಳೆಯುವ ಸೋಡಾ ಆಗಿ ಒಡೆಯುತ್ತದೆ. ಕೊಳೆ, ಬೂಷ್ಟು, ಸತ್ತ ನಾರು ಎಲ್ಲವನ್ನೂ ಎತ್ತಿ ತೆಗೆಯುತ್ತದೆ. ಆದರೆ ಅದು ಕ್ಷಾರ. ತೇಗ, ಓಕ್, ಸೀಡರ್‌ಗಳಂತಹ ಟ್ಯಾನಿನ್ ಎಂಬ ಒಗರು ಅಂಶ ತುಂಬಿದ ಮರಗಳು ಕ್ಷಾರ ತಾಗಿದರೆ ಕಪ್ಪಾಗುತ್ತವೆ. ತೊಳೆದ ಮೇಲೆ ಹಲಗೆ ಮೊದಲಿಗಿಂತ ಕಂದಿದೆ ಎಂದು ಗಾಬರಿಯಾಗುವವರು ಬಹಳ. ಗಾಬರಿ ಬೇಡ, ಅದಕ್ಕೆ ಮದ್ದು ಆಮ್ಲ. ಮರ ಇನ್ನೂ ಒದ್ದೆಯಿರುವಾಗಲೇ ಆಕ್ಸಾಲಿಕ್ ಆಮ್ಲದ ಅಥವಾ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಸಿಂಪಡಿಸಿ, ಹೇಳಿದಷ್ಟು ಹೊತ್ತು ಬಿಟ್ಟು, ಮತ್ತೆ ಚೆನ್ನಾಗಿ ನೀರು ಹಾಯಿಸಿ. ಕ್ಷಾರದ ಜೋರು ಇಳಿಯುತ್ತದೆ, ಮರದ ಬಣ್ಣ ಅರಳುತ್ತದೆ. ಮೊಳೆಯ ಸುತ್ತ ಇರುವ ನೀಲಿಗಪ್ಪು ಕಲೆಗಳು, ಅಂದರೆ ಕಬ್ಬಿಣವೂ ಟ್ಯಾನಿನ್ನೂ ಸೇರಿ ಆದವು, ಆಕ್ಸಾಲಿಕ್ ಆಮ್ಲಕ್ಕೇ ಬಗ್ಗುತ್ತವೆ. ಎಷ್ಟು ಉಜ್ಜಿದರೂ ಸುಲಭವಾಗಿ ಹೋಗುವಂಥವಲ್ಲ.

ಆಕ್ಸಾಲಿಕ್ ಆಮ್ಲ ವಿಷ. ಕೈಗವಸು, ಕನ್ನಡಕ ಕಡ್ಡಾಯ. ಪಕ್ಕದ ಗಿಡಗಳಿಗೆ ಮೊದಲೇ ನೀರು ಹೊಯ್ದು ಪ್ಲಾಸ್ಟಿಕ್ ಹೊದಿಸಿ, ಸಾಕುಪ್ರಾಣಿಗಳನ್ನು ಒಳಗೆ ಕಟ್ಟಿ. ತೊಳೆಯಲು ಕ್ಲೋರಿನ್ ಬ್ಲೀಚ್ ಬಳಸಿದ್ದರಂತೂ ಅದರ ಅಂಶ ಉಳಿಯದಂತೆ ನೀರು ಹಾಯಿಸುವವರೆಗೆ ಆಮ್ಲದ ಹತ್ತಿರ ಹೋಗಬೇಡಿ. ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ನನ್ನೇ ಆ ಬ್ಲೀಚ್ ಸಡಿಲಿಸುತ್ತದೆಯಾದ್ದರಿಂದ ಡೆಕ್ಕಿಗೆ ಅದನ್ನು ಬಳಸದಿರುವುದೇ ಲೇಸು.

ಒಣಗುವುದು ಎಂದರೆ ಒಳಗೂ ಒಣಗುವುದು

ಮೇಲ್ಮೈ ಒಂದು ಮಧ್ಯಾಹ್ನದಲ್ಲಿ ಒಣಗುತ್ತದೆ. ಒಳಗಿನ ತೇವ ಹೊರಬರಲು ಗಾಳಿ, ಬಿಸಿಲು ಚೆನ್ನಾಗಿದ್ದರೆ ಎರಡು ದಿನ, ಮೋಡ ಕವಿದಿದ್ದರೆ ಮೂರು ನಾಲ್ಕು ದಿನ ಬೇಕು. ನೆಲಕ್ಕೆ ತೀರ ಹತ್ತಿರವಿದ್ದು ಕೆಳಗೆ ಗಾಳಿಯಾಡದ ಡೆಕ್ ಇನ್ನೂ ತಡ ಮಾಡುತ್ತದೆ. ಅಂದಾಜಿನ ಮೇಲೆ ಹೋಗುವುದಕ್ಕಿಂತ ಎರಡು ಸೂಜಿಯ ತೇವಮಾಪಕ ಒಂದನ್ನು ಯಾರಿಂದಲಾದರೂ ಎರವಲು ತನ್ನಿ. ಅಂಕಿ ಶೇ 15ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಶೇ 12ರ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು. ಅಳೆಯುವಾಗ ಬಿಸಿಲು ಬೀಳುವ ನಡುಭಾಗವನ್ನು ಮಾತ್ರ ಅಳೆದು ಸಮಾಧಾನ ಪಡಬೇಡಿ. ಗೋಡೆಯ ಬುಡ, ಮೆಟ್ಟಿಲಿನ ಕೆಳಮೈ, ಹೂಕುಂಡ ಇದ್ದ ಜಾಗ, ಹಲಗೆಗಳು ತೊಲೆಯ ಮೇಲೆ ಕೂರುವ ಕಡೆ: ತೇವ ಅಡಗುವುದು ಇಲ್ಲೇ.

ಹಾಗೆಂದು ತಿಂಗಳುಗಟ್ಟಲೆ ಬಿಡುವುದೂ ತಪ್ಪು. ಬಿಸಿಲಿನ ಅತಿನೇರಳೆ ಕಿರಣ ಲಿಗ್ನಿನ್ನನ್ನು ಕೆಡಿಸುತ್ತ ಹೋಗುತ್ತದೆ. ಮರ ಬೂದು ಬಣ್ಣಕ್ಕೆ ತಿರುಗುವುದು ಅದರಿಂದಲೇ. ಕೆಲವೇ ವಾರ ಬರಿಮೈಯಲ್ಲಿ ಬಿಟ್ಟರೂ ಮೇಲ್ಮೈ ಮತ್ತೆ ಸಡಿಲವಾಗುತ್ತದೆ, ತೊಳೆದದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಒಣಗುವ ದಿನಗಳಲ್ಲಿ ಮೊಣಕಾಲೂರಿ ನೋಡಿ

ಈ ಬಿಡುವು ಮರವನ್ನು ಹತ್ತಿರದಿಂದ ನೋಡಲು ಸಿಕ್ಕ ಅವಕಾಶ. ಒಂದು ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಹಲಗೆಯನ್ನು ಚುಚ್ಚಿ. ಗಟ್ಟಿ ಮರ ಎದುರು ನಿಲ್ಲುತ್ತದೆ. ಕೊಳೆತದ್ದು ಬೆಂದ ಗೆಣಸಿನಂತೆ ಒಳಗೆಳೆದುಕೊಳ್ಳುತ್ತದೆ. ಕೊಳೆತ ಹಲಗೆಗೆ ಯಾವ ಬಣ್ಣವೂ ಜೀವ ಕೊಡುವುದಿಲ್ಲ, ಬದಲಿಸಲೇಬೇಕು. ಬದಲಿಸಿದ ಹೊಸ ಹಲಗೆ ಅಕ್ಕಪಕ್ಕದ ಹಳೆಯವುಗಳಷ್ಟು ಬಣ್ಣ ಕುಡಿಯುವುದಿಲ್ಲ ಎಂಬುದೂ ನೆನಪಿರಲಿ; ರಂದ ಹೊಡೆದ ಅದರ ನುಣುಪು ಮೈಯನ್ನು ಸ್ವಲ್ಪ ಉಜ್ಜಿ ತೆರೆಯಬೇಕು. ಕೊಳೆಯದಂತೆ ಔಷಧ ಕುಡಿಸಿದ ಹೊಸ ಮರವಾದರೆ ಅದು ಹಸಿಯಾಗಿಯೇ ಬಂದಿರುವ ಸಾಧ್ಯತೆ ಹೆಚ್ಚು, ಅದು ಒಣಗಲು ವಾರಗಳೇ ಬೇಕಾದೀತು.

ಮೇಲೆದ್ದ ಮೊಳೆಗಳನ್ನು ಮತ್ತೆ ಬಡಿದು ಕೂರಿಸಿದರೆ ಮುಂದಿನ ವರ್ಷ ಮತ್ತೆ ತಲೆ ಎತ್ತುತ್ತವೆ. ಕಿತ್ತು, ಅದೇ ಜಾಗಕ್ಕೆ ಸ್ವಲ್ಪ ಉದ್ದನೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕುವುದೇ ಸರಿ. ಸ್ಕ್ರೂವಿನ ತಲೆ ಹಲಗೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿರಲಿ, ಇಲ್ಲದಿದ್ದರೆ ಉಜ್ಜುವ ಯಂತ್ರದ ಕಾಗದ ಚಿಂದಿಯಾಗುತ್ತದೆ. ಹಲಗೆಗಳ ನಡುವಿನ ಸಂದುಗಳಲ್ಲಿ ಎಲೆ, ಮಣ್ಣು, ಬೀಜ ಸೇರಿ ಸಣ್ಣ ತೋಟವೇ ಬೆಳೆದಿರುತ್ತದೆ. ಪುಟ್ಟಿ ಬ್ಲೇಡಿನಿಂದ ಅದನ್ನು ಕೆದಕಿ ತೆಗೆಯಿರಿ. ಬೆನ್ನು ನೋಯಿಸುವ ಕೆಲಸ, ನಿಜ. ಆದರೆ ಆ ಕಸವೇ ಸ್ಪಂಜಿನಂತೆ ನೀರು ಹಿಡಿದು ಹಲಗೆಯ ಅಂಚನ್ನು ಕೊಳೆಸುವುದು.

ಉಜ್ಜುವುದು: ನುಣುಪು ಹೆಚ್ಚಾದರೂ ಕಷ್ಟ

ನೀರು ತಾಗಿದ ಮರದ ನಾರು ಒಣಗಿದ ಮೇಲೆ ಎದ್ದು ನಿಲ್ಲುತ್ತದೆ. ಪ್ರೆಷರ್ ವಾಷರ್‌ನ ಮೂತಿಯನ್ನು ತೀರ ಹತ್ತಿರ ಹಿಡಿದು ತೊಳೆದವರ ಡೆಕ್ಕಂತೂ ಬೆಕ್ಕಿನ ಮೈಯಂತೆ ನವಿರೆದ್ದಿರುತ್ತದೆ. ಈ ನವಿರಿನ ಮೇಲೆ ಬಳಿದರೆ ನಾರಿನ ಜೊತೆಗೇ ಬಣ್ಣವೂ ಉದುರುತ್ತದೆ, ಬರಿಗಾಲಿಗೆ ಸಿಬಿರೂ ಚುಚ್ಚುತ್ತದೆ.

ನೆಲದ ಹಲಗೆಗಳಿಗೆ 60 ಅಥವಾ 80 ನಂಬರಿನ ಸ್ಯಾಂಡ್ ಪೇಪರ್ ಸಾಕು. ಪೀಠೋಪಕರಣ ಮಾಡಿ ರೂಢಿಯಿರುವವರಿಗೆ ಇದು ಒಪ್ಪುವುದಿಲ್ಲ. ಅವರ ಕೈ ತಾನಾಗಿ 180ಕ್ಕೆ, 220ಕ್ಕೆ ಹೋಗುತ್ತದೆ. ಡೆಕ್ಕಿನಲ್ಲಿ ಅಷ್ಟು ನುಣುಪು ಮಾಡಿದರೆ ರಂಧ್ರಗಳು ಮುಚ್ಚಿಹೋಗಿ ಸ್ಟೇನ್ ಮೇಲೆಯೇ ನಿಂತುಬಿಡುತ್ತದೆ. ಕೈ ಸವರುವ ಕೈಕಂಬಿಗೆ ಮಾತ್ರ 100 ಅಥವಾ 120 ಬಳಸಬಹುದು. ಕೈಯಿಂದ ಉಜ್ಜುವುದಾದರೆ ಯಾವಾಗಲೂ ಎಳೆಯ ಜಾಡಿನಲ್ಲೇ, ಅಡ್ಡಡ್ಡ ಅಲ್ಲ. ಅಡ್ಡ ಗೀರುಗಳು ಒಣಮರದಲ್ಲಿ ಕಾಣದಿದ್ದರೂ ಬಣ್ಣ ಬಿದ್ದೊಡನೆ ಎದ್ದು ತೋರುತ್ತವೆ. ಒಂದು ಕಡೆ ಶುರುಮಾಡಿದ ನಂಬರನ್ನೇ ಕೊನೆಯವರೆಗೂ ಹಿಡಿಯಿರಿ, ಇಲ್ಲವಾದರೆ ಅರ್ಧ ಡೆಕ್ ಒಂದು ಛಾಯೆ, ಇನ್ನರ್ಧ ಮತ್ತೊಂದು. ಸ್ಟೀಲ್ ಉಲ್ಲನ್ನು ಮುಟ್ಟಲೇಬೇಡಿ. ಅದರ ಚೂರುಗಳು ಮರದಲ್ಲಿ ಉಳಿದು, ತುಕ್ಕು ಹಿಡಿದು, ಮೊದಲ ಮಳೆಗೇ ಕಪ್ಪು ಚುಕ್ಕಿಗಳಾಗುತ್ತವೆ.

ಉಜ್ಜುವ ಮುನ್ನ ಒಂದು ಎಚ್ಚರ. ಹಳೆಯ ಡೆಕ್ಕಿನ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧ ಕುಡಿಸಿರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಹುಪಾಲು ಮರಕ್ಕೆ ಇದನ್ನು ಹಾಕುವುದು 2003ರ ಕೊನೆಗೆ ನಿಂತಿತು. ಅದಕ್ಕಿಂತ ಹಿಂದಿನ, ಹಸಿರು ಛಾಯೆಯ ಮರವಿದ್ದರೆ ಯಂತ್ರ ಹಿಡಿದು ಉಜ್ಜಬೇಡಿ, ಚೂರುಗಳನ್ನು ಒಲೆಗೂ ಹಾಕಬೇಡಿ. ಉಳಿದ ಯಾವ ಮರವಾದರೂ ಮುಖಕ್ಕೆ ಬಿಗಿಯಾದ ಮಾಸ್ಕ್ ಇರಲಿ.

ದೂಳನ್ನು ನೀರು ಹಾಕಿ ತೊಳೆಯುವ ಆಸೆಯಾಗುತ್ತದೆ. ತೊಳೆದರೆ ನಾರು ಮತ್ತೆ ಏಳುತ್ತದೆ, ಒಣಗುವ ದಿನಗಳ ಲೆಕ್ಕ ಮೊದಲಿನಿಂದ ಶುರು. ವ್ಯಾಕ್ಯೂಮ್ ಇಲ್ಲವೇ ಗಾಳಿ ಊದುವ ಯಂತ್ರ ಬಳಸಿ, ಕೊನೆಗೆ ಒಣಬಟ್ಟೆಯಿಂದ ಒರೆಸಿ.

ಮರವನ್ನೇ ಕೇಳಿ

ಡೆಕ್ಕಿನ ನಾಲ್ಕೈದು ಕಡೆ ಬೆರಳಿನಿಂದ ನೀರು ಚಿಮುಕಿಸಿ ನೋಡಿ. ಒಂದೆರಡು ನಿಮಿಷದಲ್ಲಿ ನೀರು ಇಂಗಿ ಮರ ಕಪ್ಪಾದರೆ ಅದು ಬಣ್ಣಕ್ಕೆ ಸಿದ್ಧ. ತಾವರೆ ಎಲೆಯ ಮೇಲಿನಂತೆ ಹನಿ ಹಾಗೆಯೇ ಕೂತರೆ ಅಲ್ಲಿ ಹಳೆಯ ಸ್ಟೇನೋ ನೀರು ತಡೆಯುವ ಸೀಲರೋ ಇನ್ನೂ ಉಳಿದಿದೆ. ಸ್ವಲ್ಪ ಜಾಗವಾದರೆ ಮತ್ತೆ ಉಜ್ಜಿ. ಇಡೀ ಡೆಕ್ ಹಾಗೆಯೇ ಇದ್ದರೆ ಹಳೆಯ ಪದರ ಕಿತ್ತುಹಾಕುವ ಸ್ಟ್ರಿಪ್ಪರ್ ಬಳಸಿ, ಆಮ್ಲದಿಂದ ಸರಿಪಡಿಸಿ, ಮತ್ತೆ ಒಣಗಿಸಬೇಕಾಗುತ್ತದೆ. ಕಹಿ ಸುದ್ದಿಯೇ, ಆದರೆ ಬಳಿಯುವ ಮೊದಲು ತಿಳಿದದ್ದು ಪುಣ್ಯ.

ಇನ್ನು ಹವೆ. ಹೆಚ್ಚಿನ ಸ್ಟೇನ್‌ಗಳು 10ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಹಿಡಿಯುತ್ತವೆ. ನಿಮ್ಮ ಡಬ್ಬಿಯ ಮೇಲಿನ ಮಾತೇ ಅಂತಿಮ. ಮುಂದಿನ ಒಂದೆರಡು ದಿನ ಮಳೆಯಿರಬಾರದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ. ಕಾದ ಹಲಗೆಯ ಮೇಲೆ ಬಣ್ಣ ಇಳಿಯುವ ಮೊದಲೇ ಒಣಗಿ ಪಟ್ಟೆಪಟ್ಟೆಯಾಗುತ್ತದೆ, ಆದ್ದರಿಂದ ನೆರಳನ್ನು ಹಿಂಬಾಲಿಸುತ್ತ ಸಾಗುವ ಹಾಗೆ ಯೋಜನೆ ಹಾಕಿಕೊಳ್ಳಿ. ಗೋಡೆಯ ಅಂಚಿಗೆ ಮಾಸ್ಕಿಂಗ್ ಟೇಪ್, ಗಿಡಗಳಿಗೆ ಹೊದಿಕೆ ಹಾಕಿ. ಒಂದಕ್ಕಿಂತ ಹೆಚ್ಚು ಡಬ್ಬಿಗಳಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿದರೆ ಛಾಯೆ ಒಂದೇ ಆಗುತ್ತದೆ. ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಅಂಗೈ ಅಗಲ ಬಳಿದು ಒಣಗಿದ ಮೇಲೆ ನೋಡಿ. ಡಬ್ಬಿಯ ಮೇಲಿನ ಬಣ್ಣವೂ ನಿಮ್ಮ ಮರದ ಮೇಲಿನ ಬಣ್ಣವೂ ಒಂದೇ ಆಗಿರುವುದು ಅಪರೂಪ. ಹಲಗೆಗಳ ಕೊಯ್ದ ತುದಿಗಳು ಮೇಲ್ಮೈಗಿಂತ ಹಲವು ಪಟ್ಟು ನೀರು ಹೀರುತ್ತವೆ. ಅವುಗಳಿಗೆ ಬಳಿಯಲು ಚಿಕ್ಕ ಬ್ರಷ್ ಒಂದನ್ನು ಬೇರೆಯಾಗಿ ಎತ್ತಿಡಿ.

ಮುಚ್ಚಳ ತೆಗೆಯುವ ಮುನ್ನ ಮುಚ್ಚಳವಿರುವ ಲೋಹದ ಡಬ್ಬವೊಂದಕ್ಕೆ ನೀರು ತುಂಬಿ ಪಕ್ಕದಲ್ಲಿಡಿ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲದು. ಒರೆಸಿದ ಬಟ್ಟೆ ನೇರವಾಗಿ ಆ ನೀರಿಗೆ ಹೋಗಬೇಕು.